ಸಮುದ್ರದ ಕಂಬ, ಬೀರೂರಿನ ಬಾವಿ

ಸೊಂಟಕ್ಕೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು, ಬಾವಿಯ ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದ ನನ್ನ ಅಕ್ಕನ ಮಗಳು ಕೇಳಿದ ಮೊದಲ ಪ್ರಶ್ನೆ ಇದು: “ಚಿಕ್ಕಮ್ಮ, ಇದರ ಲೋಡ್ ಕೆಪಾಸಿಟಿ ಎಷ್ಟು?”

ನಾನು ಎದೆಮಟ್ಟದ ನೀರಿನಲ್ಲಿದ್ದೆ. “ನಿನ್ನ ಹೊರುತ್ತೆ, ಇಳಿಯೇ” ಎಂದೆ.

“ಟೆಸ್ಟ್ ಮಾಡಿದೀಯಾ?”

“ನಿಮ್ಮ ತಾತ ಮಾಡಿದ್ರು. ನನ್ನ ಮೇಲೇ.”

ಇಳಿಯಲಿಲ್ಲ. ತೆಂಗಿನಕಾಯಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಸ್ಸಿಗೆ ಕಾಯುವವರ ಹಾಗೆ ನಿಂತೇ ಇದ್ದಳು.

ಚೈತ್ರಾಗೆ ಮೂವತ್ತೊಂದು ವರ್ಷ. ಅಜ್ಜಂಪುರದ ಹುಡುಗಿ. ಅವಳಪ್ಪ ಅಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಾರೆ. ಇವಳು ಸಿವಿಲ್ ಎಂಜಿನಿಯರಿಂಗ್ ಓದಿ, ಆಮೇಲೆ ಇನ್ನೂ ಏನೇನೋ ಓದಿ, ಈಗ ಚೆನ್ನೈನ ಒಂದು ಆಫೀಸಿನಲ್ಲಿದ್ದಾಳೆ. ಕೆಲಸ ಏನು ಎಂದು ಯಾರಾದರೂ ಕೇಳಿದರೆ ಬಾವ “ಗಾಳಿ ಫ್ಯಾನು” ಎನ್ನುತ್ತಾರೆ. ನಮ್ಮ ಕಡೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವೂ ಇಲ್ಲ. ಗುಡ್ಡದ ಸಾಲಿನ ಮೇಲೆ ಕರೆಂಟ್ ತೆಗೆಯುವ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ತಿರುಗುವುದನ್ನು ನೋಡುತ್ತಲೇ ನಾವು ಹಾಲು ಕರೆಯುತ್ತೇವೆ, ಬಟ್ಟೆ ಒಣಗಿಸುತ್ತೇವೆ.

ಆದರೆ ಇವಳ ಫ್ಯಾನುಗಳು ಗುಡ್ಡದ ಮೇಲಿಲ್ಲ, ಸಮುದ್ರದೊಳಗಿವೆ. ಅದೂ ಚೆನ್ನೈ ಸಮುದ್ರವಲ್ಲ, ಯುರೋಪಿನ ಉತ್ತರದ ಸಮುದ್ರ. ದಡದಿಂದ ನೋಡಿದರೆ ಕಾಣುವುದೂ ಇಲ್ಲವಂತೆ. ಆ ಕಂಬಗಳ ಬುಡಕ್ಕೆ ಎಷ್ಟು ಭಾರ ಬೀಳುತ್ತಿದೆ ಎಂದು ಇವಳು ಚೆನ್ನೈನಲ್ಲಿ ಕೂತು ಹೇಳುತ್ತಾಳೆ. ಹೇಳುತ್ತಾಳೆ ಎಂದರೆ, ಇವಳು ಮತ್ತು ಇವಳ ಜೊತೆಯವರು ಕಲಿಸಿದ ಒಂದು ಮೆಷಿನ್ ಹೇಳುತ್ತದೆ.

(ಮೆಷಿನ್ ಎಂದರೆ ಗಿರಣಿಯಂಥ ಮೆಷಿನ್ ಅಲ್ಲ. ಕಂಪ್ಯೂಟರಿನೊಳಗಿನ ಲೆಕ್ಕ. ನನಗೂ ಇದು ಅರ್ಥವಾಗಲು ತಡವಾಯಿತು, ನೀವು ಬೇಜಾರು ಮಾಡಿಕೊಳ್ಳಬೇಡಿ.)

ಇಂಥವಳು ಒಂದು ದಿನ ಫೋನ್ ಮಾಡಿ, “ಚಿಕ್ಕಮ್ಮ, ನಿಂಗೆ ಈಜು ಬರುತ್ತಲ್ವಾ? ಅಮ್ಮಂಗೆ ಹೇಳಬೇಡ. ರಜ ಹಾಕಿ ಬರ್ತಿದೀನಿ, ಕಲಿಸು” ಎಂದಳು.

ನಾನು ಈಜು ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಮದುವೆಯಾಗಿ ಬೀರೂರಿಗೆ ಬಂದ ಮೇಲೆ ನಾನು ನೀರು ನೋಡಿದ್ದು ಬಕೆಟ್ಟಿನಲ್ಲಿ. ಆದರೂ ಆಗಲಿ ಎಂದುಬಿಟ್ಟೆ. ಕಾರಣ ಕೇಳಿದಾಗ ಅವಳು ಹೇಳಿದ್ದು ಇಷ್ಟು. ಅವಳ ಆಫೀಸಿನವರು ಒಂದು ತಂಡವನ್ನು ಸಮುದ್ರದ ಕಂಬಕ್ಕೇ ಕಳಿಸುತ್ತಿದ್ದಾರೆ. ಇವಳೂ ಹೋಗಬೇಕೆಂದಿದ್ದಾಳೆ. ಆದರೆ ದೋಣಿ ಹತ್ತುವ ಮೊದಲು ಒಂದು ತರಬೇತಿ ಪಾಸಾಗಬೇಕು. ದಪ್ಪನೆಯ ಸೂಟು, ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ಕೊಳಕ್ಕೆ ಜಿಗಿಯಬೇಕು, ಮಗುಚಿದ ರಬ್ಬರ್ ದೋಣಿಯನ್ನು ನೀರಿನಲ್ಲಿದ್ದುಕೊಂಡೇ ನೆಟ್ಟಗೆ ಮಾಡಬೇಕು.

“ಈಜು ಬರಲೇಬೇಕು ಅಂತೇನಿಲ್ಲ ಚಿಕ್ಕಮ್ಮ. ಜಾಕೆಟ್ ತೇಲಿಸುತ್ತೆ. ಆದ್ರೆ ನೀರಿಗೆ ಹೆದರೋರು ಪಾಸಾಗಲ್ಲ.”

“ನೀನು?”

“ಕೊಳದ ಅಂಚು ಹಿಡ್ಕೊಂಡೆ. ಬಿಡೋಕೇ ಆಗ್ಲಿಲ್ಲ. ಇಬ್ರು ಬಂದು ಬೆರಳು ಬಿಡಿಸಿ ಮೇಲೆತ್ತಿದ್ರು.”

ಇದನ್ನು ಹೇಳುವಾಗ ನಗಲು ನೋಡಿದಳು. ನಗು ಬರಲಿಲ್ಲ. ಇನ್ನೊಂದು ಅವಕಾಶ ಕೊಟ್ಟಿದ್ದಾರಂತೆ. ಅದೂ ಆಗದಿದ್ದರೆ ಬೇರೆಯವರು ಹೋಗುತ್ತಾರೆ.

ಬಾವಿ ಎಲ್ಲಿಂದ ತರುವುದು? ಮನೆಮನೆಗೆ ಬೋರ್‌ವೆಲ್ ಬಂದ ಮೇಲೆ ಬಾವಿಗಳೆಲ್ಲ ಕಸದ ಗುಂಡಿಗಳಾಗಿವೆ. ಕೃಷಿಹೊಂಡಗಳಿವೆ, ಆದರೆ ಅವಕ್ಕೆ ಹಾಸಿದ ಪ್ಲಾಸ್ಟಿಕ್ ಮೇಲೆ ಕಾಲಿಟ್ಟರೆ ಜಾರುತ್ತದೆ, ಬಿದ್ದವರು ಹತ್ತಿ ಬರುವುದೇ ಕಷ್ಟ. ಕೊನೆಗೆ ನೆನಪಾದದ್ದು ಬೀರೂರು ದಾಟಿ ಕಡೂರಿನ ಕಡೆಗಿರುವ ರುದ್ರಣ್ಣನವರ ತೆಂಗಿನ ತೋಟ. ನಮ್ಮ ಮನೆಯವರ ಹಳೆಯ ಸ್ನೇಹಿತರು. ಅವರ ತೋಟದಲ್ಲಿ ಕಲ್ಲಿನ ಮೆಟ್ಟಿಲಿನ ಬಾವಿಯೊಂದು ಈಗಲೂ ಉಸಿರಾಡುತ್ತಿದೆ. ಒಂದು ಕಡೆ ನೀರಿನೊಳಗೆ, ಎದೆಮಟ್ಟದಲ್ಲಿ ನಿಲ್ಲುವಂಥ ಕಲ್ಲುಹಾಸು ಇದೆ, ಅದರಾಚೆ ಆಳ.

ರುದ್ರಣ್ಣ ಒಂದೂ ಪ್ರಶ್ನೆ ಕೇಳಲಿಲ್ಲ. ತಾವೇ ಒಳ್ಳೆಯ ಎರಡು ಕಾಯಿ ಆರಿಸಿ, ಹಗ್ಗ ಬಿಗಿದು ಕೊಟ್ಟರು. “ನಾನು ಆ ಕಡೆ ಗಿಡಕ್ಕೆ ನೀರು ಬಿಡ್ತಿರ್ತೀನಿ. ಈ ಕಡೆ ಯಾರ್ನೂ ಬಿಡಲ್ಲ. ಬೇಕಾದ್ರೆ ಕೂಗಿ ತಾಯಿ” ಎಂದು ಹೋದರು. ಅಷ್ಟು ಸೂಕ್ಷ್ಮ ಎಷ್ಟು ಜನರಿಗಿರುತ್ತದೆ?

ಸರಿ, ಹಳೆಯ ಚೂಡಿದಾರ್ ಹಾಕಿಕೊಂಡು ನಾನು ಮೊದಲು ಇಳಿದೆ. ಒಳಗೊಳಗೇ ಅಳುಕು. ಮರೆತುಹೋಗಿದ್ದರೆ? ಮರೆತಿರಲಿಲ್ಲ. ಮೊಣಕಾಲು ನೋವು, ಬಿಪಿ ಮಾತ್ರೆ, ಚಷ್ಮಾ ಎಲ್ಲವೂ ಮೆಟ್ಟಿಲ ಮೇಲೆಯೇ ಉಳಿದವು. ಒಂದು ಸುತ್ತು ಹಾಕಿ ಬಂದಾಗ ಚೈತ್ರಾ ನನ್ನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡುತ್ತಿದ್ದಳು.

ಮೊದಲ ದಿನ ಸೊಂಟದವರೆಗೆ ಇಳಿದಳು. ಎರಡನೆಯ ದಿನ ಎದೆಯವರೆಗೆ. ಮುಖ ಮುಳುಗಿಸು ಎಂದರೆ ಮೂಗು ಹಿಡಿದುಕೊಂಡು ಮುಳುಗಿಸಿದ ಹಾಗೆ ಮಾಡಿ ಎದ್ದುಬಿಡುತ್ತಿದ್ದಳು. ಕೂದಲು ಕೂಡ ಒದ್ದೆಯಾಗಿರುತ್ತಿರಲಿಲ್ಲ. ಒಂದು ಹಗ್ಗದ ತುದಿಯನ್ನು ಅವಳ ಸೊಂಟಕ್ಕೂ ಇನ್ನೊಂದು ತುದಿಯನ್ನು ದಡದ ಕಲ್ಲುಕಂಬಕ್ಕೂ ಕಟ್ಟಿದ್ದೆ. ಅದನ್ನೂ ಅವಳೇ ಎಳೆದೆಳೆದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಅವಳ ಭಯ ಮರೆಸಲು ನಾನು ಮಾತಿಗೆಳೆಯುತ್ತಿದ್ದೆ. ಗದ್ದದ ಕೆಳಗೆ ಒಂದು ಕೈ, ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, “ಹೇಳೇ, ನಿನ್ನ ಮೆಷಿನ್ ಕಥೆ ಹೇಳು. ಕಾಲು ಬಡೀತಾ ಹೇಳು” ಎನ್ನುತ್ತಿದ್ದೆ. ಹಾಗೆ ನೀರಿನಲ್ಲಿ ತೇಲಿಸಿಕೊಂಡೇ ನಾನು ಅವಳ ವಿದ್ಯೆ ಕಲಿತದ್ದು.

“ಗಾಳಿಗೆ ಕಂಬ ಬಾಗುತ್ತೆ ಚಿಕ್ಕಮ್ಮ. ಅಲೆ ಬೇರೆ ಹೊಡೀತಿರುತ್ತೆ. ಹಗಲೂ ರಾತ್ರಿ ಬಾಗಿ ಬಾಗಿ ಕಬ್ಬಿಣಕ್ಕೂ ಸುಸ್ತಾಗುತ್ತೆ. ಒಂದಿನ ಬಿರುಕು ಬಿಡುತ್ತೆ.”

“ಎಷ್ಟು ಬಾಗ್ತು ಅಂತ ಹೆಂಗೆ ಗೊತ್ತಾಗುತ್ತೆ?”

“ಉಗುರಿನಷ್ಟು ಚಿಕ್ಕ ಪಟ್ಟಿ ಕಂಬಕ್ಕೆ ಅಂಟಿಸ್ತೀವಿ. ಕಂಬ ಒಂಚೂರು ಹಿಗ್ಗಿದ್ರೂ ಅದು ಹೇಳುತ್ತೆ. ಆದ್ರೆ ಎಲ್ಲಾ ಕಂಬಕ್ಕೂ ಅಂಟಿಸಿ ಕಾಪಾಡೋಕಾಗಲ್ಲ. ಉಪ್ಪು ಹವೆಗೆ ಕೆಟ್ಟೋಗ್ತವೆ. ಅದಕ್ಕೇ ಕೆಲವು ಕಂಬಕ್ಕೆ ಮಾತ್ರ ಹಾಕ್ತೀವಿ. ಗಾಳಿ ಇಷ್ಟಿದ್ದಾಗ, ರೆಕ್ಕೆ ಇಷ್ಟು ತಿರುಗಿದಾಗ, ಅಲೆ ಇಷ್ಟೆದ್ದಾಗ ಬುಡಕ್ಕೆ ಎಷ್ಟು ಭಾರ ಬಿತ್ತು ಅಂತ ಅವುಗಳಿಂದ ಮೆಷಿನ್ ಕಲಿಯುತ್ತೆ. ಆಮೇಲೆ ಪಟ್ಟಿ ಇಲ್ಲದ ಕಂಬಕ್ಕೂ ಅಂದಾಜು ಹೇಳುತ್ತೆ.”

“ಮತ್ತೆ ನೀನ್ಯಾಕೆ ಅಲ್ಲಿಗೆ ಹೋಗ್ಬೇಕು?”

ಅವಳು ಕಾಲು ಬಡಿಯುವುದನ್ನು ನಿಲ್ಲಿಸಿದಳು. ನಾನು ಕೈ ಬಿಡಲಿಲ್ಲ.

“ಒಂದು ಕಂಬ ಮಾತು ಕೇಳ್ತಿಲ್ಲ ಚಿಕ್ಕಮ್ಮ. ಮೆಷಿನ್ನಿನ ಅಂದಾಜು ಸರಿಯಾಗಿದ್ಯಾ ಅಂತ ಪರೀಕ್ಷೆ ಮಾಡೋಕೆ ಆ ಕಂಬಕ್ಕೆ ಹೊಸ ಪಟ್ಟಿ ಹಾಕ್ಸಿದ್ವಿ. ಮೆಷಿನ್ ಎಲ್ಲಾ ಚೆನ್ನಾಗಿದೆ ಅನ್ನುತ್ತೆ. ಪಟ್ಟಿ, ಇಲ್ಲ, ಭಾರ ಜಾಸ್ತಿ ಬೀಳ್ತಿದೆ ಅನ್ನುತ್ತೆ. ಆಫೀಸಲ್ಲಿ ಎಲ್ರೂ ಪಟ್ಟಿ ಸರಿಯಾಗಿ ಅಂಟಿಲ್ಲ, ಬದಲಾಯಿಸಿದ್ರಾಯ್ತು ಅಂತಾರೆ.”

“ನಿಂಗೇನನ್ಸುತ್ತೆ?”

“ಗೊತ್ತಿಲ್ಲ. ಆ ಕಂಬದೊಳಗೆ ಜನ ಹತ್ತಿ ರಿಪೇರಿ ಮಾಡ್ತಾರೆ. ಚೆನ್ನಾಗಿದೆ ಅಂತ ಹೇಳ್ತಿರೋದು ನಾನು ಕಲಿಸಿದ್ದು. ಹೋಗಿ ನೋಡ್ದೆ ಹೆಂಗಿರಲಿ?”

ಇದು ಅವಳ ಗುಣ. ಚಿಕ್ಕವಳಿದ್ದಾಗ ಹಾಲು ಉಕ್ಕಿತೆಂದು ಯಾರಾದರೂ ಕೂಗಿದರೆ, ಬೇರೆ ಮಕ್ಕಳು ಆಟ ಮುಂದುವರಿಸುತ್ತಿದ್ದರು. ಇವಳು ಎದ್ದುಹೋಗಿ ಒಲೆ ಆರಿಸಿ ಬರುತ್ತಿದ್ದಳು.

ಮರುದಿನ ಬೆಳಿಗ್ಗೆ ನಾವು ಬಾವಿಯಲ್ಲಿದ್ದಾಗ ಮೇಲಿನಿಂದ ಒಂದು ಧ್ವನಿ ಕೇಳಿತು. “ಏನೇ ಶೈಲಾ ಇದು?”

ಅಕ್ಕ. ನನ್ನ ಸ್ವಂತ ಅಕ್ಕ, ಗೌರಕ್ಕ. ಮಗಳು ರಜಕ್ಕೆ ನಮ್ಮಲ್ಲಿದ್ದಾಳೆ ಎಂದಷ್ಟೇ ಗೊತ್ತಿದ್ದವಳು, ಅಜ್ಜಂಪುರದಿಂದ ಅವಳನ್ನು ನೋಡಲು ಹೇಳದೆ ಕೇಳದೆ ಬಸ್ ಹತ್ತಿ ಬಂದಿದ್ದಾಳೆ. ಮನೆಯಲ್ಲಿ ನಮ್ಮವರು ಸುಳ್ಳು ಹೇಳಲು ಬಾರದೆ ತೋಟದ ದಾರಿ ತೋರಿಸಿದ್ದಾರೆ. (ಈ ಗಂಡಸರನ್ನು ಯಾವ ಗುಟ್ಟಿಗೂ ನಂಬುವ ಹಾಗಿಲ್ಲ.)

ಚೈತ್ರಾ ಪಟ್ಟನೆ ಮೆಟ್ಟಿಲು ಹಿಡಿದುಕೊಂಡಳು. ಅಕ್ಕ ಕೆಳಗೆ ಇಳಿಯಲಿಲ್ಲ. ಬಾವಿಯ ಕಟ್ಟೆಯಿಂದ ಒಂದು ಮಾರು ದೂರದಲ್ಲಿ ನಿಂತು, ಬ್ಯಾಗನ್ನು ಎದೆಗೆ ಅವುಚಿಕೊಂಡು, “ಹತ್ತು. ಮೇಲೆ ಹತ್ತು. ಇಬ್ರೂ ಹತ್ತಿ ಬನ್ರೇ” ಎಂದಳು. ಕೂಗಲಿಲ್ಲ. ಕೂಗಿದ್ದರೆ ಸಮಾಧಾನವಿರುತ್ತಿತ್ತು.

ನಾವು ಹತ್ತಿದೆವು. ಒದ್ದೆ ಬಟ್ಟೆಯಲ್ಲೇ ಚೈತ್ರಾ ಎಲ್ಲ ಹೇಳಿದಳು. ಸಮುದ್ರ, ದೋಣಿ, ಕಂಬ, ಕೊಳದ ಅಂಚು. ಅಕ್ಕ ಕೊನೆಗೆ ಕೇಳಿದ್ದು ಒಂದೇ. “ಬೇರೆ ಯಾರೂ ಇಲ್ವಾ ಹೋಗೋಕೆ?”

“ಇದಾರಮ್ಮ.”

“ಮತ್ತೆ?”

“ಅವರು ಪಟ್ಟಿ ಬದಲಾಯಿಸಿ ಬಂದ್ಬಿಡ್ತಾರೆ. ಮೆಷಿನ್ ತಪ್ಪಿರಬಹುದು ಅಂತ ಅಲ್ಲಿ ಅನುಮಾನ ಇರೋದು ನಂಗೊಬ್ಳಿಗೇ.”

ಅಕ್ಕ ನನ್ನ ಕಡೆ ತಿರುಗಿದಳು. “ನಿಂಗೆ ಶಾಂತಿ ನೆನಪಿಲ್ವೇನೇ?” ಎಂದಳು.

ಶಾಂತಿ ನಮ್ಮ ದೊಡ್ಡಪ್ಪನ ಮಗಳು. ಅಕ್ಕನ ವಾರಿಗೆಯವಳು. ನಾನು ತೀರ ಚಿಕ್ಕವಳಿದ್ದಾಗ ಊರ ಕೆರೆಯಲ್ಲಿ ಬಟ್ಟೆ ಜಾಲಿಸುವಾಗ ಕಾಲು ಜಾರಿ ಹೋದಳು. ಮನೆಯಲ್ಲಿ ಆ ಹೆಸರು ಎತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಚೈತ್ರಾಗೆ ಅಂಥವಳೊಬ್ಬಳಿದ್ದಳು ಎಂಬುದೇ ಗೊತ್ತಿರಲಿಲ್ಲ.

ಅಕ್ಕ ತೆಂಗಿನ ಬುಡದಲ್ಲಿ ಕೂತು ಹೇಳಿದಳು. ನನಗೂ ಪೂರ್ತಿ ಗೊತ್ತಾದದ್ದು ಅಂದೇ.

“ನಾನು ಪಕ್ಕದ ಕಲ್ಲಲ್ಲೇ ಇದ್ದೆ. ದಡದಲ್ಲಿ ನಮ್ಮೂರಿನ ಹೆಂಗಸ್ರು ಸಾಲಾಗಿ ಬಟ್ಟೆ ಒಗೀತಿದ್ರು. ಒಬ್ರಿಗೂ ಈಜು ಬರ್ತಿರ್ಲಿಲ್ಲ. ಸೀರೆ ಬಿಚ್ಚಿ ಎಸೆದ್ರು. ಅವಳ ಕೈಗೆ ಸಿಗ್ಲಿಲ್ಲ. ಗಂಡಸ್ರೆಲ್ಲ ಹೊಲದಲ್ಲಿದ್ರು. ಕರ್ಕೊಂಡು ಬರೋ ಹೊತ್ಗೆ ಮುಗಿದೋಗಿತ್ತು. ದಡದಿಂದ ಎಷ್ಟು ದೂರ ಇದ್ಲು ಗೊತ್ತೇನೇ? ಇಲ್ಲಿಂದ ಆ ಮರದಷ್ಟು ದೂರ.”

ಆ ಮರ ಹತ್ತಿರದಲ್ಲೇ ಇತ್ತು.

ಅದಾದ ಮೇಲೆಯೇ ಅಪ್ಪ ನನ್ನನ್ನು ನಮ್ಮ ತೋಟದ ಬಾವಿಗೆ ಕರೆದುಕೊಂಡು ಹೋಗಿ ಈಜು ಕಲಿಸಿದ್ದು. ಅಕ್ಕ ಮಾತ್ರ ಬಾವಿಯ ಕಟ್ಟೆಯ ಮೇಲೆ ಒಣ ಟವೆಲ್ ಹಿಡಿದು ಕೂತಿರುತ್ತಿದ್ದಳು. ಅವಳಿಗೆ ನೀರೆಂದರೆ ಭಯ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅದನ್ನೇ ಹೇಳಿದೆ. “ನೀನು ಹೆದ್ರಿಕೊಂಡು ಇಳೀತಿರ್ಲಿಲ್ಲ ಅಲ್ವಾ ಅಕ್ಕ?”

“ನಂಗೆ ಭಯ ಅಂತ ಯಾರು ಹೇಳಿದ್ದು ನಿಂಗೆ?” ಅಕ್ಕನ ಧ್ವನಿ ಒಮ್ಮೆಗೇ ಬದಲಾಯಿತು. “ನಾನೂ ಇಳೀತೀನಿ ಅಂತ ಅಪ್ಪನ ಹತ್ರ ಅತ್ತಿದ್ದೆ ಕಣೇ. ಆಗ್ಲೇ ದೊಡ್ಡೋಳಾಗಿದ್ದೆ. ಮೈನೆರೆದ ಹುಡುಗಿ ಬಾವಿಗಿಳಿದ್ರೆ ನೋಡಿದೋರು ಏನಂತಾರೆ ಅಂತ ಅಜ್ಜಿ ಬಿಡ್ಲಿಲ್ಲ. ಅಪ್ಪ ಸುಮ್ನಾದ್ರು. ನಿಂಗಿನ್ನೂ ವಯಸ್ಸಿತ್ತು, ಕಲಿತೆ. ನಾನು ಟವೆಲ್ ಹಿಡ್ಕೊಂಡೆ.”

ಒಂದೇ ಮನೆಯಲ್ಲಿ ಬೆಳೆದವರು, ಒಂದೇ ತಟ್ಟೆಯಲ್ಲಿ ಉಂಡವರು. ಅವಳಿಗೇನು ಬೇಕಿತ್ತು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಕಣ್ಣೆದುರು ಕಂಡದ್ದನ್ನೇ ಖಂಡಿತ ಎಂದುಕೊಂಡಿದ್ದೆ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎದ್ದು ಬಾವಿಯ ಕಟ್ಟೆಯ ಹತ್ತಿರ ಹೋದಳು. ಕಲ್ಲುಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ತನ್ನ ಕೈಗೆ ಎರಡು ಸುತ್ತು ಸುತ್ತಿಕೊಂಡು, ಮೊದಲ ಮೆಟ್ಟಿಲ ಮೇಲೆ ಕೂತಳು.

“ಇಳಿ” ಎಂದಳು ಮಗಳಿಗೆ. “ಪೂರ್ತಿ ಕಲಿ. ಅರ್ಧಂಬರ್ಧ ಕಲಿತು ಹೋಗಬೇಡ.”

ಅಂದು ಅಕ್ಕ ಅಜ್ಜಂಪುರಕ್ಕೆ ವಾಪಸ್ ಹೋಗಲಿಲ್ಲ. ಬಾವನಿಗೆ ಫೋನ್ ಮಾಡಿ, “ಅನ್ನ ಮಾಡ್ಕೊಳ್ಳಿ, ಸಾರಿನ ಪುಡಿ ಮೇಲಿನ ಡಬ್ಬಿಲಿದೆ” ಎಂದಳು. ಮರುದಿನದಿಂದ ಬೆಳಿಗ್ಗೆ ನಮ್ಮಿಬ್ಬರಿಗಿಂತ ಮೊದಲೇ ಎದ್ದು ಅಕ್ಕಿರೊಟ್ಟಿ ತಟ್ಟಿ, ಡಬ್ಬಿಗೆ ಹಾಕಿ ಸಿದ್ಧಳಾಗಿರುತ್ತಿದ್ದಳು. ಬಾವಿಯ ಮೇಲೆ ಕೂತು ನನಗೂ ಬುದ್ಧಿ ಹೇಳುತ್ತಿದ್ದಳು. “ಅವಳ ತಲೆ ಯಾಕೆ ಅಷ್ಟು ಎತ್ತಿಸ್ತೀಯ? ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ಅಪ್ಪ ಹಂಗೆ ಹೇಳ್ಕೊಡ್ತಿರ್ಲಿಲ್ಲ.” ಕಟ್ಟೆಯ ಮೇಲೆ ಕೂತೇ ಎಲ್ಲ ಪಾಠವನ್ನೂ ಕೇಳಿಸಿಕೊಂಡಿದ್ದಳು ಇವಳು. ಮರೆತಿರಲೂ ಇಲ್ಲ.

ಅಮ್ಮ ಹಗ್ಗ ಹಿಡಿದ ಮೇಲೆ ಚೈತ್ರಾ ಅದನ್ನು ಎಳೆದು ನೋಡುವುದನ್ನು ಬಿಟ್ಟಳು. ಮುಖ ಮುಳುಗಿತು. ಕೂದಲು ಒದ್ದೆಯಾಯಿತು. ಒಂದು ದಿನ ನೀರು ಕುಡಿದು ಕೆಮ್ಮಿ, ಮೆಟ್ಟಿಲ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತಳು. ಅಕ್ಕ ಅವಳ ಬೆನ್ನು ತಿಕ್ಕಿ, ರೊಟ್ಟಿ ತಿನ್ನಿಸಿ, ಮತ್ತೆ ಇಳಿಸಿದಳು. ರಜ ಮುಗಿಯುವ ಹೊತ್ತಿಗೆ ತೆಂಗಿನಕಾಯಿ ಬಿಚ್ಚಿದೆವು. ನಾನು ಹೊಟ್ಟೆಯ ಕೆಳಗೆ ಕೊಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದೆ. ಅವಳಿಗೆ ಗೊತ್ತಾಗಲಿಲ್ಲ. ಆಳದ ಕಡೆಗೆ ಹೋಗಿ, ಎದುರಿನ ಗೋಡೆ ಮುಟ್ಟಿ, ತಿರುಗಿ ನೋಡಿದಾಗ ನಾನು ದೂರದಲ್ಲಿದ್ದೆ.

“ಚಿಕ್ಕಮ್ಮ, ನೀನು ಅಲ್ಲಿದೀಯಾ?”

“ಇಲ್ಲೇ ಇದೀನಿ. ನೀನೇ ಹೋಗಿದ್ದು.”

ಮೇಲೆ ಅಕ್ಕ ಹಗ್ಗವನ್ನು ಇನ್ನಷ್ಟು ಸಡಿಲ ಬಿಟ್ಟಳು.

ಚೆನ್ನೈನಲ್ಲಿ ತರಬೇತಿ ಪಾಸಾಯಿತು. ಜಿಗಿಯುವಾಗ ಕಣ್ಣು ಮುಚ್ಚಿಕೊಂಡೆ ಎಂದು ತಾನೇ ಒಪ್ಪಿಕೊಂಡಳು. ಆಮೇಲೆ ಒಂದು ತಿಂಗಳು ಕಳೆದು ಸಮುದ್ರಕ್ಕೆ ಹೋದಳು. ದೋಣಿಯ ಮೂತಿಯನ್ನು ಕಂಬಕ್ಕೆ ಒತ್ತಿ ಹಿಡಿಯುತ್ತಾರಂತೆ. ಅಲೆಗೆ ದೋಣಿ ಏರಿ ಇಳಿಯುತ್ತಿರುವಾಗಲೇ ಸರಿಯಾದ ಸಮಯ ನೋಡಿ ಏಣಿಗೆ ಕಾಲಿಡಬೇಕು. ಇವಳು ದೋಣಿಯಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ವಾಂತಿ ಮಾಡಿಕೊಂಡಳಂತೆ. ಆಮೇಲೆ ಬಾಯಿ ಮುಕ್ಕಳಿಸಿ ಏಣಿ ಹತ್ತಿದಳಂತೆ.

ಆ ವಾರ ಅಕ್ಕ ದಿನಕ್ಕೆ ನಾಲ್ಕು ಸಲ ನನಗೆ ಫೋನ್ ಮಾಡುತ್ತಿದ್ದಳು. “ಅಲ್ಲಿ ಗಾಳಿ ಹೆಂಗಿದೆಯಂತೆ?” ಎನ್ನುತ್ತಿದ್ದಳು. ನನಗೆ ಹೇಗೆ ಗೊತ್ತಾಗಬೇಕು? ಗುಡ್ಡದ ಮೇಲಿನ ಫ್ಯಾನುಗಳನ್ನು ನೋಡಿ, “ಸುಮಾರಾಗಿದೆ ಅಕ್ಕ” ಎನ್ನುತ್ತಿದ್ದೆ. ಇಬ್ಬರಿಗೂ ಅದರಿಂದ ಸಮಾಧಾನವಾಗುತ್ತಿತ್ತು ಎಂಬುದು ಬೇರೆ ಮಾತು.

ಕೊನೆಗೊಂದು ಸಂಜೆ ಚೈತ್ರಾಳ ಕರೆ ಬಂತು. ಅಕ್ಕನೂ ನಾನೂ ಇಬ್ಬರೂ ಲೈನಿನಲ್ಲಿದ್ದೆವು.

“ಪಟ್ಟಿ ಗಟ್ಟಿಯಾಗೇ ಅಂಟಿತ್ತಮ್ಮ. ಅದು ಹೇಳಿದ್ದೇ ನಿಜ. ಮೆಷಿನ್ನೇ ತಪ್ಪು.”

ಕಂಬ ತೂಗಾಡುವ ರೀತಿಯನ್ನು ಅವಳು ಅಲ್ಲೇ ಅಳೆದಳಂತೆ. ಇರಬೇಕಾದ್ದಕ್ಕಿಂತ ನಿಧಾನವಾಗಿ, ಹೆಚ್ಚು ತೂಗಾಡುತ್ತಿತ್ತು. ಅನುಮಾನ ಬಂದು ಸಮುದ್ರದ ತಳ ನೋಡುವ ದೋಣಿ ಕರೆಸಿದರು. ಆ ಒಂದು ಕಂಬದ ಬುಡದ ಮರಳನ್ನು ನೀರಿನ ಸೆಳೆತ ಕೊರೆದುಕೊಂಡು ಹೋಗಿತ್ತು. ಮೆಷಿನ್ ಕಲಿತದ್ದೆಲ್ಲ ಬುಡ ಗಟ್ಟಿಯಿದ್ದ ಕಂಬಗಳಿಂದ. ಬುಡ ಸಡಿಲವಾದರೆ ಏನಾಗುತ್ತದೆ ಎಂದು ಅದಕ್ಕೆ ಯಾರೂ ತೋರಿಸಿರಲಿಲ್ಲ. ಅದು ತನಗೆ ಗೊತ್ತಿದ್ದದ್ದನ್ನೇ ಧೈರ್ಯವಾಗಿ ಹೇಳುತ್ತಿತ್ತು.

ಆ ಫ್ಯಾನನ್ನು ನಿಲ್ಲಿಸಿದರು. ಯಾರನ್ನೂ ಒಳಗೆ ಹತ್ತಿಸಲಿಲ್ಲ. ಬುಡಕ್ಕೆ ಬಂಡೆಗಲ್ಲು ಸುರಿದು ಭದ್ರ ಮಾಡಿದ ಮೇಲೆಯೇ ಮತ್ತೆ ತಿರುಗಿದ್ದು. ಈಗ ಚೈತ್ರಾ ಮೆಷಿನ್ನಿಗೆ ಮತ್ತೆ ಪಾಠ ಹೇಳುತ್ತಿದ್ದಾಳೆ, ಈ ಕಂಬವನ್ನೂ ಸೇರಿಸಿಕೊಂಡು.

“ನೀನು ಕಲಿಸಿದ್ದೇ ತಪ್ಪಾಯ್ತಲ್ಲೇ, ಬೇಜಾರಾಗ್ಲಿಲ್ವಾ?” ಎಂದು ಅಂದು ಫೋನಿನಲ್ಲೇ ಕೇಳಿದ್ದೆ.

“ಮೊದಲ ದಿನ ಆಯ್ತು ಚಿಕ್ಕಮ್ಮ. ಆಮೇಲೆ, ಸದ್ಯ ಗೊತ್ತಾಯ್ತಲ್ಲ ಅನ್ನಿಸ್ತು. ಅಲ್ಲಿ ಕೆಲಸ ಮಾಡೋ ಒಬ್ರು ನಂಗೆ ಕಾಫಿ ಮಾಡ್ಕೊಟ್ರು. ಆ ವಾರ ಅದರೊಳಗೆ ಹತ್ತಬೇಕಾಗಿದ್ದೋರು ಅವರೇ ಅಂತೆ.”

“ಕಾಫಿ ಚೆನ್ನಾಗಿತ್ತಾ?” ಎಂದಳು ಅಕ್ಕ.

ಇದೆಲ್ಲ ಆಗಿ ಈಗ ಕೆಲವು ವಾರಗಳಾದವು. ಮೊನ್ನೆ ಭಾನುವಾರ ಅಕ್ಕ ಮತ್ತೆ ಬಂದಿದ್ದಳು, ಅಜ್ಜಂಪುರದ ತನ್ನ ಬೀದಿಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು. ರುದ್ರಣ್ಣನವರಿಗೆ ಅವಳೇ ಫೋನ್ ಮಾಡಿ ಕೇಳಿದ್ದಾಳೆ. ನನಗೆ ತಿಳಿಸುವ ಗೋಜಿಗೂ ಹೋಗಿಲ್ಲ. ನಾನು ಆ ಹುಡುಗಿಯರಿಗೆ ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದಾಗ ಹಿಂದಿನಿಂದ ಸದ್ದಾಯಿತು. ಅರವತ್ತೆರಡು ವರ್ಷದ ನನ್ನ ಅಕ್ಕ ಸೀರೆ ಬದಲಾಯಿಸಿ, ಚೈತ್ರಾಳ ಹಳೆಯ ಚೂಡಿದಾರ್ ತೊಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಸೊಂಟದ ಮಟ್ಟಕ್ಕೆ ನೀರು ಬಂದಾಗ ನಿಂತಳು. ಕಣ್ಣು ಮುಚ್ಚಿದಳು.

“ತಣ್ಣಗಿದೆ ಕಣೇ” ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಇನ್ನೇನು ಮಾಡಲಿ?

ಮಗಳನ್ನು ಕಳಿಸಲು ಒಪ್ಪಿದವರು ಇಬ್ಬರು ತಾಯಂದಿರು ಮಾತ್ರ. ಅಕ್ಕ ಕೇಳಿದ್ದು ಇಡೀ ಬೀದಿಯನ್ನು. ಟ್ಯಾನ್ ಆಗುತ್ತೆ, ಕೂದಲು ಉದುರುತ್ತೆ, ಪರೀಕ್ಷೆ ಹತ್ತಿರ ಬಂತು, ನೋಡಿದವರು ಏನಂದುಕೊಳ್ಳುತ್ತಾರೆ. ಕಾರಣಗಳಿಗೆ ನಮ್ಮಲ್ಲಿ ಬರವಿಲ್ಲ. ಇದೇ ಮನೆಗಳ ಗಂಡುಮಕ್ಕಳು ಬೇಸಿಗೆ ಬಂತೆಂದರೆ ಕೆರೆ, ಕಾಲುವೆ ಎಂದು ಹೇಳದೆ ಓಡುತ್ತಾರೆ. ಬಂದಾಗ ಎರಡೇಟು ಬೀಳುತ್ತವೆ, ಅಷ್ಟೇ. ಈಜು ಮಾತ್ರ ಬಂದುಬಿಟ್ಟಿರುತ್ತದೆ.

ನಿಮ್ಮ ಮಗಳಿಗೆ ಸೈಕಲ್ ಕಲಿಸಿದ್ದೀರಿ, ಸ್ಕೂಟರ್ ಕೊಡಿಸಿದ್ದೀರಿ, ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದ್ದೀರಿ. ಅವಳು ನೀರಿಗೆ ಬಿದ್ದರೆ ದಡಕ್ಕೆ ಬರುತ್ತಾಳೆಯೇ?